ಬಾಡಿ ಏರಿತು, ಹೌಸಿಂಗ್ ಅಲ್ಲೇ ಉಳಿಯಿತು

ಕಾಫಿ ಕೊಯ್ಲು ಹತ್ತಿರ ಬಂದಾಗ ಮೂಡಿಗೆರೆಯ ನನ್ನ ಶೆಡ್ಡಿಗೆ ಯಾರಾದರೂ ಬಂದು ಈ ಮಾತು ಹೇಳಿಯೇ ಹೇಳುತ್ತಾರೆ: "ಗಾಡಿ ಒಂಚೂರು ಎತ್ತಿಸ್ಬೇಕಿತ್ತು, ತೋಟದ ದಾರೀಲಿ ಅಡಿ ತಾಗುತ್ತೆ." ಅಡಿಯಲ್ಲಿ ಏನು ತಾಗುತ್ತೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, ಹಿಂದಿನ ಹೌಸಿಂಗ್, ಅಂದರೆ ಹಿಂದಿನ ಎರಡು ಚಕ್ರಗಳ ನಡುವಿನ ಆಕ್ಸಲ್ಲಿನ ಉಬ್ಬಿದ ಗೂಡು.

ಹೌಸಿಂಗ್ ನೆಲದಿಂದ ಎಷ್ಟು ಮೇಲಿರಬೇಕು ಅನ್ನುವುದನ್ನು ತೀರ್ಮಾನಿಸುವುದು ಟೈರು. ಆಕ್ಸಲ್ಲಿಗೂ ಗಾಡಿಯ ಭಾರ ಹೊರುವ ಕಮಾನು ಪಟ್ಟಿಗೂ (ಸ್ಪ್ರಿಂಗ್) ನಡುವೆ ಮೂರಿಂಚಿನ ಬ್ಲಾಕ್ ಇಟ್ಟರೆ ಚಾಸಿ, ಅಂದರೆ ಗಾಡಿಯ ಚೌಕಟ್ಟು ಏರುತ್ತದೆ, ಬಾಡಿ ಏರುತ್ತದೆ, ಮೇಲಿನ ಮೂಟೆಗಳೂ ಏರುತ್ತವೆ. ಹೌಸಿಂಗ್ ಒಂದು ನೂಲಿನಷ್ಟೂ ಏರುವುದಿಲ್ಲ. ಯಾವ ಕಲ್ಲಿಗೆ ಹೆದರಿ ದುಡ್ಡು ಕೊಟ್ಟರೋ ಆ ಕಲ್ಲು ನಾಳೆಯೂ ಅಲ್ಲಿಗೇ ಬಡಿಯುತ್ತದೆ. ಇದನ್ನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ತೋರಿಸಿದರೂ ಕೆಲವರು ಒಪ್ಪುವುದಿಲ್ಲ. ಎತ್ತರದ ಗಾಡಿ ನೋಡಲು ಚೆಂದ, ಅದೂ ಒಂದು ಕಾರಣ ಇರಬೇಕು.

ಹೋದ ಸುಗ್ಗಿಯಲ್ಲಿ ಕಳಸದ ಕಡೆಯಿಂದ ಒಂದು ಪಿಕಪ್ ಬಂತು. ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕ್ ಸಾಲುತ್ತಿಲ್ಲ, ಮುಂದಿನ ಚಕ್ರದಿಂದ ಸುಟ್ಟ ವಾಸನೆ ಬರುತ್ತದೆ ಎಂದು ದೂರು. ಜಾಕ್ ಕೊಟ್ಟು ಒಳಗೆ ಮಲಗಿದೆ. ಸಿ ಚಾನಲ್ಲಿನ (ಸಿ ಆಕಾರದ ಕಬ್ಬಿಣ) ಎರಡು ತುಂಡನ್ನು ಎದುರುಬದುರು ಹಿಡಿದು ಬೆಸೆದ ಡಬ್ಬಿಯೇ ಬ್ಲಾಕ್. ಪಟ್ಟಿಯನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟ್ ನೋಡಿದರೆ ಹಾರ್ಡ್‌ವೇರ್ ಅಂಗಡಿಯ ಥ್ರೆಡ್ ರಾಡನ್ನು ಗ್ಯಾಸಿನಲ್ಲಿ ಕಾಯಿಸಿ ಬಗ್ಗಿಸಿದ್ದು. ಕಮಾನು ಪಟ್ಟಿಯಲ್ಲಿ ಒಂದರ ಮೇಲೊಂದು ಕೂರುವ ಉಕ್ಕಿನ ಬ್ಲೇಡುಗಳನ್ನು ಪೋಣಿಸಿರುವ ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಸೀಟಿನ ತೂತಿನಲ್ಲಿ ಕೂತಿರಬೇಕು. ಆಕ್ಸಲ್ ಹಿಂದೆ ಮುಂದೆ ಜಾರದಂತೆ ತಡೆಯುವ ಗೂಟ ಅದು. ನಡುವೆ ಬ್ಲಾಕ್ ಬಂದರೆ ಅದರ ಮೇಲ್ಗಡೆ ತೂತು, ಕೆಳಗಡೆ ಪಿನ್ನು ಇರಲೇಬೇಕು. ಇದಕ್ಕೆ ಪಿನ್ನೇ ಇರಲಿಲ್ಲ. ಎಡಗಡೆ ಆಕ್ಸಲ್ ಒಂದು ಬೆರಳಗಲ ಹಿಂದೆ ಸರಿದ ಗುರುತು ತುಕ್ಕಿನ ಮೇಲೆ ಹೊಳೆಯುತ್ತಿತ್ತು. ಗಾಡಿ ಏಡಿಯ ಹಾಗೆ ಓರೆಯಾಗಿ ಓಡುತ್ತಿದ್ದದ್ದು ಅದಕ್ಕೇ.

ಬ್ರೇಕಿನ ತಕರಾರು ಇನ್ನೊಂದು ಕಡೆ ಇತ್ತು. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಬ್ರೇಕ್ ಲೈನಿಗೆ ಲೋಡ್ ಸೆನ್ಸಿಂಗ್ ವಾಲ್ವ್ ಇರುತ್ತದೆ. ಚಾಸಿಯಲ್ಲಿ ವಾಲ್ವ್, ಅಲ್ಲಿಂದ ಆಕ್ಸಲ್ಲಿಗೆ ಒಂದು ಕಡ್ಡಿ. ಲೋಡ್ ಬಿದ್ದು ಚಾಸಿ ಕೆಳಗಿಳಿದರೆ ಹಿಂದಿನ ಚಕ್ರಕ್ಕೆ ಹೆಚ್ಚು ಒತ್ತಡ ಬಿಡುತ್ತದೆ. ಖಾಲಿಯಿದ್ದರೆ ಹಿಂದಿನ ಚಕ್ರ ಲಾಕ್ ಆಗದಂತೆ ಕಡಿಮೆ ಬಿಡುತ್ತದೆ. ಮೂರಿಂಚು ಎತ್ತಿಸಿ ಕಡ್ಡಿಯನ್ನು ಹಾಗೇ ಬಿಟ್ಟಿದ್ದರು. 50 ಕೆ.ಜಿ.ಯ 20 ಮೂಟೆ, ಅಂದರೆ ಒಂದು ಟನ್ ಹೇರಿದರೂ ವಾಲ್ವಿನ ಲೆಕ್ಕದಲ್ಲಿ ಗಾಡಿ ಖಾಲಿ. ಘಾಟಿಯುದ್ದಕ್ಕೂ ಮುಂದಿನ ಬ್ರೇಕೇ ಒದ್ದಾಡಿದೆ. ಜೊತೆಗೆ ಹಿಂದಿನ ಬ್ರೇಕ್ ಹೋಸ್ ವೀಣೆಯ ತಂತಿಯ ಹಾಗೆ ಬಿಗಿದು ನಿಂತಿತ್ತು.

ಬ್ಲಾಕ್ ಎತ್ತರವಾದಷ್ಟೂ ಅದು ಸನ್ನೆಕೋಲಿನ ಹಾಗೆ ಕೆಲಸ ಮಾಡುತ್ತದೆ. ಬ್ರೇಕ್ ಒತ್ತಿದಾಗ ಆಕ್ಸಲ್ ತಿರುಗಲು ನೋಡುತ್ತದೆ, ಪಟ್ಟಿ ಹಾವಿನಂತೆ ಬಳುಕುತ್ತದೆ. ಬ್ರೇಕಿನ ಹೆಚ್ಚು ಭಾರ ಹೊರುವ ಮುಂದಿನ ಆಕ್ಸಲ್ಲಿಗೆ ಬ್ಲಾಕ್ ಇಡಲು ನಾನು ಖಂಡಿತ ಒಪ್ಪುವುದಿಲ್ಲ, ಎಷ್ಟೇ ದುಡ್ಡು ಕೊಡಲಿ. ಕಮಾನು ಪಟ್ಟಿಗೆ ವೆಲ್ಡಿಂಗ್ ಮಾಡುವುದೂ ಅಷ್ಟೇ: ಕಾದ ಜಾಗದಲ್ಲಿ ಉಕ್ಕಿನ ಹದ ಕೆಟ್ಟು, ಮುಂದೊಂದು ದಿನ ಅಲ್ಲೇ ಕಡಿಯುತ್ತದೆ. ಇಂಜಿನ್ನಿನ ಶಕ್ತಿಯನ್ನು ಹಿಂದಿನ ಆಕ್ಸಲ್ಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ಅದರ ಕೀಲಾದ ಕ್ರಾಸ್ ಬೇಗ ಸವೆಯುವುದು, ಹೆಡ್‌ಲೈಟಿನ ದಿಕ್ಕು ತಪ್ಪುವುದು ಇದ್ದದ್ದೇ. ಓರೆ ದಾರಿಯಲ್ಲಿ ಮೂಟೆಯ ಭಾರ ಮೂರಿಂಚು ಮೇಲೆ ಹೋದರೆ ಏನಾಗುತ್ತದೆ ಎಂದು ತೋಟದವರಿಗೆ ನಾನು ಹೇಳಬೇಕಿಲ್ಲ.

ಕಾನೂನೂ ಒಪ್ಪುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆಯನ್ನು ತಡೆಯುತ್ತದೆ. 2019ರ ತಿದ್ದುಪಡಿಯ ಪ್ರಕಾರ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ.

ಆ ಪಿಕಪ್ಪಿನ ಬ್ಲಾಕ್ ಬಿಚ್ಚಿದಾಗ ಅಸಲಿ ಕಥೆ ಗೊತ್ತಾಯಿತು. ಬಲಗಡೆಯ ಎರಡನೇ ಬ್ಲೇಡ್ ಕಡಿದಿತ್ತು, ಉಳಿದವು ಚಪ್ಪಟೆಯಾಗಿದ್ದವು. ಲೋಡ್ ಬಿದ್ದರೆ ಗಾಡಿ ಕುಸಿಯುತ್ತಿತ್ತು, ಚಾಸಿಯೂ ಕಲ್ಲಿಗೆ ತಾಗುತ್ತಿತ್ತು. ಕಂಪನಿಯ ಹೊಸ ಬ್ಲೇಡ್ ಸೆಟ್, ಬುಷ್, ಹೊಸ ಯು ಬೋಲ್ಟ್ ಹಾಕಿ ವಾಲ್ವಿನ ಕಡ್ಡಿಯನ್ನು ಅಳತೆಗೆ ತಂದೆವು. ಬರೀ ಇಷ್ಟಕ್ಕೇ ಕುಸಿದಿದ್ದ ಚಾಸಿ ಎರಡಿಂಚು ಮೇಲೆ ಬಂತು. 500 ಕಿಲೋಮೀಟರ್ ಓಡಿಸಿ ಯು ಬೋಲ್ಟ್ ಮತ್ತೆ ಬಿಗಿಸಿಕೊಳ್ಳಲು ಬನ್ನಿ ಎಂದಿದ್ದೆ, ಬಂದರು. ಹೌಸಿಂಗ್ ಇನ್ನೂ ತಾಗುತ್ತಾ ಎಂದೆ. ಆ ಕಲ್ಲನ್ನು ಹಾರೆ ಹಾಕಿ ಎಬ್ಬಿಸಿ ಆಚೆ ಹಾಕಿಸಿದೆ ಎಂದರು.

ಬ್ಲಾಕ್ ಎರಡೂ ನನ್ನ ಬಳಿಯೇ ಇವೆ. ಗಾಳಿಗೆ ಶೆಡ್ಡಿನ ಬಾಗಿಲು ಬಡಿಯದಂತೆ ಒತ್ತು ಕೊಡಲು ಸಾಕಾಗುತ್ತವೆ.