ಫೋಟೋಗಳಿಂದ ಎದ್ದುಬಂದ ಬುದ್ಧ

2001ರ ಮಾರ್ಚ್‌ನಲ್ಲಿ ತಾಲಿಬಾನ್ ಆಫ್ಘಾನಿಸ್ತಾನದ ಬಾಮಿಯಾನ್ ಕಣಿವೆಯ ಎರಡು ಬುದ್ಧ ವಿಗ್ರಹಗಳನ್ನು ಸಿಡಿಮದ್ದಿಟ್ಟು ಉರುಳಿಸಿತು. ದೊಡ್ಡದರ ಎತ್ತರ ಸುಮಾರು 55 ಮೀಟರ್. ಬಂಡೆಯಲ್ಲಿ ಖಾಲಿ ಗೂಡು ಉಳಿಯಿತು. ಆದರೆ ಹಳೆಯ ಫೋಟೋಗಳಿದ್ದವು. ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ವಿಶ್ವವಿದ್ಯಾಲಯದ ಆರ್ಮಿನ್ ಗ್ರೂನ್ ಮತ್ತು ಸಂಗಡಿಗರು ಅವುಗಳಿಂದಲೇ ದೊಡ್ಡ ಬುದ್ಧನ 3ಡಿ ಮಾದರಿ ಕಟ್ಟಿದರು.

ಚಪ್ಪಟೆ ಫೋಟೋದಲ್ಲಿ ಆಳ ಎಲ್ಲಿಂದ ಬಂತು? ಬಸ್ಸಿನ ಕಿಟಕಿಯಿಂದ ನೋಡಿದರೆ ರಸ್ತೆ ಬದಿಯ ಮರ ಸರ್ರನೆ ಹಿಂದೆ ಓಡುತ್ತದೆ, ದೂರದ ಗುಡ್ಡ ಕದಲುವುದೇ ಇಲ್ಲ ಅಲ್ವಾ? ಕ್ಯಾಮೆರಾ ಜಾಗ ಬದಲಿಸಿದಾಗಲೂ ಅಷ್ಟೇ. ಹತ್ತಿರದ್ದು ಜಾಸ್ತಿ ಸರಿಯುತ್ತದೆ, ದೂರದ್ದು ಕಮ್ಮಿ. ಕಲ್ಲಿನ ಮೇಲಿನ ಒಂದು ಚಕ್ಕೆ ಎರಡು ಮೂರು ಫೋಟೋಗಳಲ್ಲಿ ಕಂಡಿತು ಅನ್ನಿ. ಪ್ರತಿ ಕ್ಯಾಮೆರಾದಿಂದ ಅದರ ಕಡೆಗೆ ಒಂದೊಂದು ಗೆರೆ ಎಳೆದರೆ, ಗೆರೆಗಳು ಸೇರುವ ಜಾಗವೇ ಆ ಚಕ್ಕೆ ಇರುವ ಜಾಗ. ಇಂಥ ಲಕ್ಷಾಂತರ ಬಿಂದುಗಳು ಸಿಕ್ಕರೆ ವಸ್ತುವಿನ ಮೈ ಮೂಡುತ್ತದೆ. ಇದೇ ಫೋಟೋಗ್ರಾಮೆಟ್ರಿ. ಕ್ಯಾಮೆರಾ ಎಲ್ಲೆಲ್ಲಿ ನಿಂತಿತ್ತು ಎಂದೂ ನಾವು ಹೇಳಬೇಕಿಲ್ಲ. ಬೇರೆ ಬೇರೆ ಫೋಟೋಗಳಲ್ಲಿನ ಸಾಕಷ್ಟು ಗುರುತುಗಳು ಒಂದಕ್ಕೊಂದು ಹೊಂದಿದರೆ ಈಗಿನ ಸಾಫ್ಟ್‌ವೇರ್ ಅದನ್ನೂ ತಾನೇ ಲೆಕ್ಕ ಹಾಕುತ್ತದೆ.

ಜ್ಯೂರಿಕ್ ತಂಡದ ಬಳಿ ಮೂರು ಬಗೆಯ ಚಿತ್ರಗಳಿದ್ದವು: ಇಂಟರ್ನೆಟ್‌ನಲ್ಲಿ ಸಿಕ್ಕವು, ಪ್ರವಾಸಿ ತೆಗೆದವು, 1970ರಲ್ಲಿ ಆಸ್ಟ್ರಿಯಾದ ರಾಬರ್ಟ್ ಕೋಸ್ಟ್ಕಾ ಅಳತೆಗೆಂದೇ ತೆಗೆದವು. ಕೋಸ್ಟ್ಕಾ ಚಿತ್ರಗಳೇ ಹೆಚ್ಚು ನಿಖರವಾಗಿದ್ದವು. ಆದರೂ ಬುದ್ಧನ ಚೀವರದ, ಅಂದರೆ ಭಿಕ್ಷುವಿನ ಮೇಲುಡುಪಿನ, ನೆರಿಗೆಗಳಲ್ಲಿ ಕಂಪ್ಯೂಟರ್ ಮುಗ್ಗರಿಸಿತು. ಸಣ್ಣ ಏರುತಗ್ಗುಗಳೆಲ್ಲ ನುಣುಪಾಗಿಬಿಟ್ಟವು. ಕೊನೆಗೆ ನೆರಿಗೆಗಳನ್ನು ಮನುಷ್ಯರೇ ಕೂತು ಬಿಂದು ಬಿಂದುವಾಗಿ ಗುರುತು ಹಾಕಿದರು. ನನಗೆ ಈ ಕೆಲಸದಲ್ಲಿ ಅತಿ ಹೆಚ್ಚು ಗೌರವ ಹುಟ್ಟಿಸುವುದು ಆ ತಾಳ್ಮೆ. ಆಮೇಲೆ ಯಂತ್ರದಿಂದ 1:200 ಅಳತೆಯ ಪುಟ್ಟ ವಿಗ್ರಹವನ್ನೂ ಕಡೆದರು.

ಇವತ್ತು ಅಷ್ಟು ಕಷ್ಟವಿಲ್ಲ. ಚಿತ್ರ ತೆಗೆಯಲು ಫೋನ್ ಸಾಕು, ಅವುಗಳಿಂದ ಕಂಪ್ಯೂಟರಿನಲ್ಲಿ ಮಾದರಿ ಕಟ್ಟುವ ಮೆಶ್‌ರೂಮ್‌ನಂಥ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ನಿಮ್ಮೂರ ವೀರಗಲ್ಲಿನಿಂದಲೇ ಶುರು ಮಾಡಿ. ನಿಂತಲ್ಲೇ ಜೂಮ್ ಮಾಡಿದರೆ ಪ್ರಯೋಜನವಿಲ್ಲ, ಆಳ ಸಿಗುವುದು ನೀವು ಹೆಜ್ಜೆ ಸರಿದಾಗ. ಕಲ್ಲಿನ ಸುತ್ತ ನಡೆಯುತ್ತಾ, ಒಂದು ಚಿತ್ರದ ಮುಕ್ಕಾಲು ಭಾಗ ಮುಂದಿನದರಲ್ಲೂ ಬರುವಂತೆ ತೆಗೆಯಿರಿ. ಮೋಡ ಕವಿದ ಹೊತ್ತು ಒಳ್ಳೆಯದು, ನೆರಳು ಗಟ್ಟಿಯಾಗಿ ಬೀಳುವುದಿಲ್ಲ. ಎಣ್ಣೆ ಹಚ್ಚಿದ ಅಥವಾ ಒದ್ದೆಯಾದ ಕಲ್ಲು ಕಾಟ ಕೊಡುತ್ತದೆ. ನೀವು ಸರಿದಂತೆ ಹೊಳಪೂ ಸರಿಯುತ್ತದೆ, ಸಾಫ್ಟ್‌ವೇರ್ ಅದನ್ನೇ ಗುರುತು ಅಂದುಕೊಳ್ಳುತ್ತದೆ. ಪಕ್ಕದಲ್ಲಿ ಒಂದು ಅಡಿಕೋಲು ಇಡಿ. ಇಲ್ಲದಿದ್ದರೆ ಆಕಾರ ಬರುತ್ತದೆ, ಅಳತೆ ಗೊತ್ತಾಗುವುದಿಲ್ಲ.

ಮಾದರಿ ಸಿದ್ಧವಾದ ಮೇಲೆ ಕಂಪ್ಯೂಟರಿನಲ್ಲೇ ಅದರ ಬಣ್ಣ ತೆಗೆದು, ಪಕ್ಕದಿಂದ ಕೃತಕ ಬೆಳಕು ಬಿಟ್ಟು ನೋಡಿ. ಸವೆದ ಶಾಸನದಲ್ಲಿ ಬರಿಗಣ್ಣಿಗೆ ಕಾಣದ ಅಕ್ಷರಗಳೂ ಎಷ್ಟೋ ಸಲ ಎದ್ದು ಕಾಣುತ್ತವೆ. ರಸ್ತೆ ಅಗಲ ಮಾಡುವಾಗ, ಗುಡಿಗೆ ಬಣ್ಣ ಬಳಿಯುವಾಗ ಇಂಥ ಕಲ್ಲುಗಳು ಸುಮ್ನೆ ಹಾಳಾಗುತ್ತವೆ. ಅದಕ್ಕೂ ಮೊದಲೇ ಯಾರಾದರೂ ಈ ಕೆಲಸ ಮಾಡಬೇಕು. ಮಾದರಿ ಈಗಲೇ ಕಟ್ಟಲಾಗದಿದ್ದರೂ ಪರವಾಗಿಲ್ಲ, ಚಿತ್ರಗಳನ್ನು ತೆಗೆದಿಡಿ. ಆದರೆ ವಾಟ್ಸಾಪ್‌ನಲ್ಲಿ ಕಳಿಸಿ ಕುಗ್ಗಿದ ಪ್ರತಿ ಬೇಡ, ಮೂಲ ಫೈಲುಗಳನ್ನೇ ಇಟ್ಟುಕೊಳ್ಳಿ.