ಗಾಲ್ಫ್‌ನ ಕ್ಯೂ-ಸ್ಕೂಲ್: 25 ಕಾರ್ಡ್ 5ಕ್ಕೆ ಇಳಿದದ್ದು ಹೇಗೆ?

ಅಮೆರಿಕದ ವೃತ್ತಿಪರ ಗಾಲ್ಫ್ ಟೂರ್ನಿಗಳ ಸರಣಿಯಾದ ಪಿಜಿಎ ಟೂರ್‌ನಲ್ಲಿ ವರ್ಷವಿಡೀ ಆಡಲು ‘ಕಾರ್ಡ್’, ಅಂದರೆ ಆಡುವ ಹಕ್ಕು ಬೇಕು. ಅದಕ್ಕಾಗಿ ನಡೆಯುವ ಅರ್ಹತಾ ಟೂರ್ನಿಯೇ ಕ್ಯೂ-ಸ್ಕೂಲ್. ಇದರ ನಿಯಮ ಎಷ್ಟು ಸಲ ಬದಲಾಗಿದೆ ಅಂದ್ರೆ, ಗಾಲ್ಫ್ ಬಲ್ಲವರೂ ಈಗ ತಡವರಿಸುತ್ತಾರೆ.

1965ರಲ್ಲಿ ಫ್ಲಾರಿಡಾದಲ್ಲಿ ಶುರುವಾದಾಗ 17 ಮಂದಿಗೆ ಕಾರ್ಡ್ ಸಿಕ್ಕಿತ್ತು. ಆದರೆ ಆಗ ಕಾರ್ಡ್ ಇದ್ದರೂ ಹೆಚ್ಚಿನವರು ಪ್ರತಿ ಸೋಮವಾರ ಮತ್ತೊಂದು ಅರ್ಹತಾ ಸುತ್ತು ಆಡಿ ಗೆಲ್ಲಬೇಕಿತ್ತು. 1983ರಿಂದ ಆ ಪರದಾಟ ಬಹುಮಟ್ಟಿಗೆ ತಪ್ಪಿತು.

ಅಲ್ಲಿಂದ 2012ರವರೆಗಿನ ಕಾಲವೇ ಕ್ಯೂ-ಸ್ಕೂಲ್‌ನ ನಿಜವಾದ ಕಾಲ. ಕೊನೆಯ ಹಂತದಲ್ಲಿ ಆರು ದಿನ, 108 ಹೋಲ್ (ಚೆಂಡು ಬೀಳಿಸಬೇಕಾದ ಕುಳಿ). ಆ ಕಾಲದ ಕೊನೆಯ ವರ್ಷಗಳಲ್ಲಿ ಮೊದಲ 25 ಸ್ಥಾನದವರಿಗೆ, ಸಮಬಲದಲ್ಲಿ ನಿಂತವರಿಗೂ ಸೇರಿಸಿ, ಕಾರ್ಡ್. ಪ್ರವೇಶ ಶುಲ್ಕ, ಓಡಾಟ, ಕ್ಯಾಡಿಯ (ಗಾಲ್ಫ್ ಕೋಲುಗಳ ಚೀಲ ಹೊರುವ ಸಹಾಯಕ) ಸಂಬಳ ಎಲ್ಲಾ ಆಟಗಾರನ ಜೇಬಿನಿಂದಲೇ. ಒಂದೇ ಹೊಡೆತದಲ್ಲಿ ವರ್ಷದ ದುಡಿಮೆ ಕೈತಪ್ಪಬಹುದಿತ್ತು. 2000ದಲ್ಲಿ ಕ್ಯಾಲಿಫೋರ್ನಿಯಾದ ಪಿಜಿಎ ವೆಸ್ಟ್ ಗಾಲ್ಫ್ ಮೈದಾನದಲ್ಲಿ ಆಟಗಾರ ಜೋ ಡೇಲಿಗೆ ಆದದ್ದು ಅದೇ. ನಾಲ್ಕನೇ ಸುತ್ತು, 17ನೇ ಹೋಲ್, ಒಂದು ಚಿಕ್ಕ ಪಟ್ (ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತ). ಚೆಂಡು ಕುಳಿಯೊಳಗೆ ಬಿತ್ತು, ಒಳಗಿನ ಕಪ್‌ಗೆ ಬಡಿದು ಪುಟಿದು ಹೊರಗೆ ಬಂತು. ಕೊನೆಗೆ ಅವರಿಗೆ ಕಾರ್ಡ್ ಕೈತಪ್ಪಿದ್ದು ಒಂದೇ ಹೊಡೆತದಿಂದ.

ಇಷ್ಟು ಕ್ರೂರವಾಗಿದ್ದರೂ ಆ ಬಾಗಿಲು ಎಲ್ಲರಿಗೂ ತೆರೆದಿತ್ತು. ಕೋಲ್ಕತ್ತದ ಅರ್ಜುನ್ ಅತ್ವಾಲ್ 2003ರ ಕೊನೆಯಲ್ಲಿ ಇಲ್ಲಿಂದಲೇ ಒಳಹೋಗಿ ಪಿಜಿಎ ಟೂರ್ ಕಾರ್ಡ್ ಪಡೆದ ಮೊದಲ ಭಾರತೀಯರಾದರು. 2012ರಲ್ಲಿ ಕೊರಿಯಾದ ಸಿ ವೂ ಕಿಮ್ 17ನೇ ವಯಸ್ಸಿಗೇ ಪಾಸಾದ.

2013ರಿಂದ ಈ ನೇರ ದಾರಿ ಮುಚ್ಚಿತು. ಟೂರ್‌ನ ಹೊಸ ಸೀಸನ್ ಅಕ್ಟೋಬರ್‌ನಲ್ಲೇ ಶುರುವಾಗುವಂತಾಯಿತು. ಒಂದು ವಾರದ ಆಟಕ್ಕಿಂತ ಎರಡನೇ ದರ್ಜೆಯ ಟೂರ್‌ನಲ್ಲಿ ವರ್ಷಪೂರ್ತಿ ಆಡಿದವರೇ ಗಟ್ಟಿ ಅನ್ನೋ ವಾದವೂ ಇತ್ತು. ಕ್ಯೂ-ಸ್ಕೂಲ್ ಪಾಸಾದವರಿಗೆ ಆ ಕೆಳಗಿನ ಟೂರ್ ಮಾತ್ರ ಉಳಿಯಿತು. ವಾದದಲ್ಲಿ ಹುರುಳಿಲ್ಲ ಅಂತಲ್ಲ. ಆದರೆ ಒಂದು ವರ್ಷ ಕೆಳಗೆ ಆಡೋದು ಅಂದ್ರೆ ಅಷ್ಟು ಖರ್ಚು ತೂಗಿಸುವ ತಾಕತ್ತು ಬೇಕು, ಅಲ್ವಾ? ಹಣದ ಬೆಂಬಲ ಇಲ್ಲದ, ದೂರದ ದೇಶದ ಹುಡುಗನಿಗೆ ಆ ಒಂದು ವಾರವೇ ದೊಡ್ಡ ಆಸರೆಯಾಗಿತ್ತು.

ಒಂದು ವಾರದಲ್ಲಿ ಗೆದ್ದವರು ಮುಂದೆ ನಿಲ್ಲುವುದಿಲ್ಲ ಅನ್ನೋದನ್ನೂ ಪೂರ್ತಿ ಒಪ್ಪಲಾಗದು. ಬೆಂಗಳೂರಿನ ಅದಿತಿ ಅಶೋಕ್ 2015ರಲ್ಲಿ ಮೊರಾಕೊದಲ್ಲಿ ಯುರೋಪಿನ ಮಹಿಳಾ ಟೂರ್‌ನ ಅರ್ಹತಾ ಟೂರ್ನಿ ಗೆದ್ದಾಗ ವಯಸ್ಸು 17. ಮರುವರ್ಷವೇ ಗುರುಗ್ರಾಮದಲ್ಲಿ ಮಹಿಳಾ ಇಂಡಿಯನ್ ಓಪನ್ ಗೆದ್ದರು.

2023ರಲ್ಲಿ ನೇರ ಕಾರ್ಡ್ ಮರಳಿತು, ಆದರೆ ಮೊದಲ ಐದು ಸ್ಥಾನಕ್ಕೆ ಮಾತ್ರ. ಸಮಬಲದವರಿಗೂ ಕೊಡುವ ರೂಢಿ 2025ರಿಂದ ನಿಂತಿದೆ. ಐದನೇ ಸ್ಥಾನಕ್ಕೆ ಇಬ್ಬರು ಬಂದರೆ ಪ್ಲೇಆಫ್ (ಸಮಬಲ ಮುರಿಯುವ ಹೆಚ್ಚುವರಿ ಆಟ) ಆಡಬೇಕು, ಸೋತವರಿಗೆ ಮತ್ತೆ ಕೆಳಗಿನ ಟೂರ್. ಟೂರ್‌ನಲ್ಲಿ ಪೂರ್ತಿ ಕಾರ್ಡ್ ಉಳಿಸಿಕೊಳ್ಳುವವರ ಸಂಖ್ಯೆಯನ್ನೂ 125ರಿಂದ 100ಕ್ಕೆ ಇಳಿಸಲಾಗಿದೆ. ಇರುವ ಜಾಗವೇ ಕಡಿಮೆಯಾಯಿತು, ಒಪ್ಪೋಣ. ಹಾಗಿದ್ದರೂ ಹೊಸಬರಿಗೆ ಕನಿಷ್ಠ ಹತ್ತು ಕಾರ್ಡ್ ಇಡಬಹುದಿತ್ತು.