ಅಮ್ಮನ ಗುಟ್ಟು ಊರಿಗೆಲ್ಲ ಗೊತ್ತಿರಲಿ

ಪ್ರಶ್ನೆ: ಮನೆಯವರಿಗೆ ತಿಳಿಯದ ಹಾಗೆ ದೊಡ್ಡ ವ್ಯವಹಾರ ನಡೆಸುವ ಅಮ್ಮನ ಬಗ್ಗೆ ಹಾಸ್ಯಕಥೆ ಬರೆಯುತ್ತಿದ್ದೇನೆ. ಕಥೆ ಹೊಸನಗರದ ಕಡೆಯದು. ಒಬ್ಬರ ಮನೆಯ ಒಗ್ಗರಣೆ ಇನ್ನೊಬ್ಬರ ಮೂಗಿಗೆ ಬಡಿಯುವಂಥ ಊರಲ್ಲಿ ಗುಟ್ಟು ಉಳಿಯಿತು ಅಂದರೆ ಓದುಗರು ನಂಬುತ್ತಾರಾ? ಅಮ್ಮನ ಬಾಯಲ್ಲಿ ಎಂಥ ಸುಳ್ಳು ಹೇಳಿಸಬೇಕು?
ಹೆಸರು ಬೇಡ, ಸಾಗರ

ಉತ್ತರ: ಮೊದಲು ಒಗ್ಗರಣೆ ವಿಷಯ ಮುಗಿಸೋಣ. ಹೊಸನಗರದ ಕಡೆ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದು ತೋಟ, ಒಂದು ಹಳ್ಳ, ಅರ್ಧ ಗುಡ್ಡ ಇರುತ್ತದೆ. ಒಗ್ಗರಣೆ ಹಾಗಿರಲಿ, ಕೂಗಿದರೂ ಕೇಳುವುದಿಲ್ಲ. ಸುದ್ದಿ ಮಾತ್ರ ಹೇಗೋ ತಲುಪುತ್ತದೆ, ಅದು ಬೇರೆ ಮಾತು.

ಈಗ ಸುಳ್ಳಿನ ಪ್ರಶ್ನೆ. ಇದಕ್ಕೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಗುಟ್ಟಿನ ಕಥೆ ಅಂದಕೂಡಲೇ ಎಲ್ಲರ ಅಮ್ಮಂದಿರೂ ಸುಳ್ಳು ಹೇಳಲು ಶುರು ಮಾಡುತ್ತಾರೆ. ಹಲ್ಲುನೋವು ಅಂತ ತೀರ್ಥಹಳ್ಳಿಗೆ ಹೋಗುತ್ತಾರೆ, ದೂರದ ಚಿಕ್ಕಮ್ಮನಿಗೆ ಹುಷಾರಿಲ್ಲ ಅಂತ ಶಿವಮೊಗ್ಗದ ಬಸ್ಸು ಹತ್ತುತ್ತಾರೆ. ಬರೆಯುವವರಿಗೆ ಇದು ಖುಷಿಯ ಭಾಗ, ಓದುವವನಿಗೆ ಮೂರನೇ ಪುಟದಲ್ಲಿ ಆಕಳಿಕೆ.

ಸುಳ್ಳಿಗೆ ಇರುವ ತೊಂದರೆ ನೀತಿಯದ್ದಲ್ಲ, ಸುಳ್ಳನ್ನು ಯಾರಾದರೂ ತಾಳೆ ನೋಡಬಹುದು ಅನ್ನುವುದು. ಮಲೆನಾಡಲ್ಲಂತೂ ಆ ಕೆಲಸ ತನ್ನಷ್ಟಕ್ಕೇ ಆಗುತ್ತದೆ. ಖಾಸಗಿ ಬಸ್ಸಿನ ಕಂಡಕ್ಟರಿಗೆ ಯಾರು ಎಲ್ಲಿ ಹತ್ತಿದರು, ಮಂಡಗದ್ದೆಯಲ್ಲಿ ಇಳಿದರೋ ಗಾಜನೂರು ದಾಟಿದರೋ ಎಲ್ಲ ನೆನಪಿರುತ್ತದೆ. ಆ ಹುಷಾರಿಲ್ಲದ ಚಿಕ್ಕಮ್ಮ ಮುಂದಿನ ವಾರ ಯಾರದೋ ಮನೆ ಸತ್ಯನಾರಾಯಣ ಪೂಜೆಯಲ್ಲಿ ಕೊಟ್ಟೆ ಕಡುಬು ಹಾಕಿಸಿಕೊಳ್ಳುತ್ತಾ ಸಿಗುತ್ತಾರೆ. ಆಗ ಒಂದು ಸುಳ್ಳಿಗೆ ಇನ್ನೊಂದರ ಆಸರೆ, ಅದಕ್ಕೆ ಮತ್ತೊಂದರದು. ಕಥೆಯಲ್ಲಿ ಅಮ್ಮನ ಕೆಲಸವೇ ಕಾಣುವುದಿಲ್ಲ, ನೆಪ ಹುಡುಕುವುದೇ ಅವಳ ಉದ್ಯೋಗವಾಗುತ್ತದೆ. ಕೊನೆಗೆ ಸಿಕ್ಕಿಬೀಳುತ್ತಾಳೆ, ನೀವು ಅವಳಿಂದ ಒಂದೂವರೆ ಪುಟದ ಕಣ್ಣೀರಿನ ಭಾಷಣ ಮಾಡಿಸುತ್ತೀರಿ. ಹಾಸ್ಯ ಅಲ್ಲಿಗೆ ಸತ್ತಿತು.

ನಿಮ್ಮ ಅಮ್ಮನ ಬಾಯಿಂದ ಒಂದೇ ಒಂದು ಸುಳ್ಳು ಬೇಡ. ಅವಳು ನಿಜವನ್ನೇ ಹೇಳಲಿ. ಅವಳು ಗುಟ್ಟಾಗಿ ಅಡಿಕೆ ಖೇಣಿ ಹಿಡಿಯುವವಳು ಅಂತ ಇಟ್ಟುಕೊಳ್ಳಿ. ಸುತ್ತಲಿನ ತೋಟಗಳ ಫಸಲು ಮರದಲ್ಲಿರುವಾಗಲೇ ಮಾತಾಡಿ, ಕೊಯ್ಸಿ, ಬೇಯಿಸಿ, ಒಣಗಿಸಿ ಮಾರುತ್ತಾಳೆ. ಬೆಳಗ್ಗೆ ಜಗಲಿಯಲ್ಲಿ ಹೀಗೆ ನಡೆಯಲಿ:

"ಎಲ್ಲಿಗೆ ಹೊರಟಿದ್ದು?"

"ಶಿವಮೊಗ್ಗಕ್ಕೆ. ಎಪಿಎಂಸಿಯಲ್ಲಿ ಇಪ್ಪತ್ತು ಚೀಲ ರಾಶಿ ಇಡಿ ಅಡಿಕೆ ಇದೆ, ಇವತ್ತು ಟೆಂಡರ್. ನಿನ್ನೆ ಕೊಟ್ಟಿದ್ದರೆ ಕ್ವಿಂಟಾಲಿಗೆ ಸಾವಿರ ಕೈಬಿಟ್ಟು ಹೋಗ್ತಿತ್ತು."

"ಹ್ಞೂಂ. ಬರುವಾಗ ನನ್ನ ಬಿಪಿ ಮಾತ್ರೆ ತಗೊಂಡು ಬಾ ಮಾರಾಯ್ತಿ. ಹಸಿರು ಡಬ್ಬಿಯದ್ದು."

ಮುಗಿಯಿತು. ಗಂಡ ಪೇಪರಿನ ಪುಟ ತಿರುವಿದ. ಓದುತ್ತಿರುವುದು ಅಡಿಕೆ ಧಾರಣೆಯ ಪುಟವನ್ನೇ ಆಗಿದ್ದರೆ ಇನ್ನೂ ಒಳ್ಳೆಯದು. ಈ ನಾಲ್ಕು ಸಾಲಿನಲ್ಲಿ ಗಂಡ ದಡ್ಡನಲ್ಲ, ಕೆಟ್ಟವನೂ ಅಲ್ಲ. ಅವನಿಗೆ ಬೇಕಾದ್ದು ಮಾತ್ರೆ. ಅಮ್ಮ ಎಲ್ಲಿಗೆ ಹೋಗುತ್ತಾಳೆ ಅಂತ ಮನೆಯಲ್ಲಿ ಕೇಳುವುದೇ ಬರುವಾಗ ಏನು ತರಿಸಬಹುದು ಅಂತ ತಿಳಿಯಲು. ಇದನ್ನು ಓದುಗ ನಂಬುತ್ತಾನಾ ಅಂತ ಕೇಳಬೇಡಿ. ಓದುಗನೂ ಅಂಥ ಮನೆಯಲ್ಲೇ ಬೆಳೆದವನು.

ಸಂಜೆ ಅದೇ ಗಂಡ ಊಟಕ್ಕೆ ಕೂತು, ತಂಬುಳಿ ಸುರಿದುಕೊಳ್ಳುತ್ತಾ, "ಯಾರೋ ನಮ್ಮ ಕಡೆಯ ಪಾರ್ಟಿ ಸರಿಯಾದ ಹೊತ್ತಿಗೆ ಮಾಲು ಬಿಟ್ಟಿದ್ದಾರಂತೆ, ಭಾರೀ ತಲೆ ಮಾರಾಯ್ತಿ, ನಿನಗೆಲ್ಲ ಅದು ಅರ್ಥ ಆಗೋದಲ್ಲ" ಅನ್ನಲಿ. ಅಮ್ಮ ಅನ್ನ ಬಡಿಸಲಿ. ಮುಗುಳ್ನಗೆ ಬೇಡ, ದಯವಿಟ್ಟು. ಅಮ್ಮ ಮುಗುಳ್ನಕ್ಕಳು ಅಂತ ಬರೆದರೆ ನಾನು ಆ ಸಾಲಿಗೆ ಗೀಟು ಹಾಕುತ್ತೇನೆ.

ಊರಿನವರ ಮಾತು ಏನಾಯಿತು ಅನ್ನುತ್ತೀರಿ. ಊರಿಗೆಲ್ಲ ಗೊತ್ತಿರಲಿ! ನೀವು ಎಡವುತ್ತಿರುವುದು ಇಲ್ಲೇ. ಒಂಟಿಮನೆಗೆ ಕೊರಿಯರ್ ಬರುವುದಿಲ್ಲ, ಬಸ್‌ಸ್ಟಾಪಿನ ಅಂಗಡಿಯಲ್ಲಿ ಇಟ್ಟು ಹೋಗುತ್ತಾರೆ, ಹಾಗಾಗಿ ಅಂಗಡಿಯವನಿಗೆ ಗೊತ್ತು. ಸಿಗ್ನಲ್ ಸಿಗುವುದು ದರೆಯ ಮೇಲಿನ ಗೇರುಮರದ ಬುಡದಲ್ಲಿ ಮಾತ್ರ. ಅಲ್ಲಿ ಆಚೆಮನೆ ಸೊಸೆ ಕೊಡೆ ಹಿಡಿದು ಬೆಂಗಳೂರಿನ ಆಫೀಸ್ ಮೀಟಿಂಗಿನಲ್ಲಿರುತ್ತಾಳೆ, ಅವಳಿಗೂ ಗೊತ್ತು. ಮರ ಹತ್ತಿ ಅಡಿಕೆ ಇಳಿಸುವ ಕೊನೆಗಾರನಿಗೆ ಗೊತ್ತು, ಲಾರಿ ಡ್ರೈವರಿಗೆ ಗೊತ್ತು. ಎಲ್ಲರೂ 'ಅವರ ಮನೆಯಲ್ಲಿ ಗೊತ್ತಿದ್ದೇ ಇರುತ್ತದೆ' ಅಂದುಕೊಂಡಿರುವುದರಿಂದ ಯಾರೂ ಮನೆಯಲ್ಲಿ ಹೇಳುವುದಿಲ್ಲ. ಗೊತ್ತಿಲ್ಲದಿರುವುದು ಆ ಮನೆಯ ನಾಲ್ಕು ಜನಕ್ಕೆ ಮಾತ್ರ.

ದುಡ್ಡಿನ ಕತೆ? ಅದನ್ನು ಸರ್ಕಾರವೇ ಸುಲಭ ಮಾಡಿಕೊಟ್ಟಿದೆ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾಯಿತಲ್ಲ, ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ. ಮನೆಗೆ ಹೊಸ ಮಿಕ್ಸಿ ಬಂತು, ಗೃಹಲಕ್ಷ್ಮಿ. ಫ್ರಿಡ್ಜ್ ಬಂತು, ಗೃಹಲಕ್ಷ್ಮಿ. ತೋಟಕ್ಕೆ ಹೊಸ ಮೋಟರ್ ಇಳಿಸಿದರೂ ಗಂಡ "ಪರವಾಗಿಲ್ಲ ಕಣೆ, ಕೂಡಿಟ್ಟಿದ್ದೀಯ" ಅನ್ನಲಿ. ಎರಡು ಸಾವಿರದಲ್ಲಿ ಎಷ್ಟು ಮೋಟರ್ ಬರುತ್ತದೆ ಅಂತ ಲೆಕ್ಕ ಹಾಕುವವನೇ ಆಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಸಿಕ್ಕಿಬೀಳುವುದೂ ಇದರಿಂದಲೇ ಆಗಲಿ. ಸ್ವಂತ ತೋಟದ ಅಡಿಕೆ ಮಾರುವ ತನಕ ಜಿಎಸ್‌ಟಿ ಗೊಡವೆ ಇಲ್ಲ. ಬೇರೆಯವರದನ್ನು ಕೊಂಡು ಮಾರಿ ವಹಿವಾಟು ಬೆಳೆಯಿತೋ, ನೋಂದಣಿ ಬೇಕು. ಆದಾಯ ತೆರಿಗೆ ಕಟ್ಟುವವರಿಗೆ, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಿಗೆ ಗೃಹಲಕ್ಷ್ಮಿ ಇಲ್ಲ. ಅಮ್ಮನ ವ್ಯಾಪಾರ ಲಕ್ಷಗಟ್ಟಲೆ ಏರಿದ ತಿಂಗಳು ಆ ಎರಡು ಸಾವಿರ ನಿಂತುಹೋಗುತ್ತದೆ. ಇಷ್ಟು ವರ್ಷ ಏನನ್ನೂ ಗಮನಿಸದ ಗಂಡ ಅದನ್ನು ಮಾತ್ರ ಆ ವಾರವೇ ಗಮನಿಸುತ್ತಾನೆ! ಬಡವರ ದುಡ್ಡು ತಿಂದಿದ್ದಾರೆ ಅಂತ ಕೂಗಾಡುತ್ತಾ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ ಹೋಗುತ್ತಾನೆ. ಗುಮಾಸ್ತ ಕಂಪ್ಯೂಟರ್ ನೋಡಿ, ಇವನನ್ನು ನೋಡಿ, ಮತ್ತೆ ಕಂಪ್ಯೂಟರ್ ನೋಡಿ, "ಸ್ವಲ್ಪ ಕೂತ್ಕೊಳ್ಳಿ ಸಾರ್, ನೀರು ಕುಡೀತೀರಾ?" ಅನ್ನುತ್ತಾನೆ. ಕಥೆ ಅಲ್ಲಿ ನಿಲ್ಲಿಸಿ. ಮನೆಗೆ ಬಂದ ಮೇಲೆ ಏನಾಯಿತು ಅಂತ ಬರೆಯಬೇಡಿ.

ನೀವು ಕೇಳದ ಇನ್ನೊಂದು ವಿಷಯ. ಹೆಸರು ಬೇಡ ಅಂದಿದ್ದೀರಿ, ಅಂದರೆ ನೀವು ಬರೆಯುವುದೂ ಮನೆಯಲ್ಲಿ ಗೊತ್ತಿಲ್ಲ. ಬೇರೆ ಹೆಸರಲ್ಲಿ ಬರೆಯುವುದಕ್ಕೆ ನಮ್ಮಲ್ಲಿ ದೊಡ್ಡ ಪರಂಪರೆಯೇ ಇದೆ. ಅನಸೂಯಾ ಶಂಕರ್ ಅವರು ತ್ರಿವೇಣಿಯಾಗಿ ಬರೆದರು. ಜಾನಕಿಯವರು 'ಸುಧಾ' ಪತ್ರಿಕೆಗೆ ಕಥೆ ಕಳಿಸಿ, ಅದು ನಿಜವಾಗಿ ನಡೆದದ್ದು, ಹಾಕಬೇಡಿ ಅಂತ ಬರೆದರೆ ಸಂಪಾದಕರು ವೈದೇಹಿ ಅಂತ ಹೆಸರಿಟ್ಟು ಅಚ್ಚು ಹಾಕಿಯೇಬಿಟ್ಟರು. ನಮ್ಮ ತೀರ್ಥಹಳ್ಳಿಯ ಎಂ.ಕೆ. ಇಂದಿರಾ ಮಾತ್ರ ಹೆಸರು ಮುಚ್ಚಿಡಲಿಲ್ಲ. 1917ರಲ್ಲಿ ಹುಟ್ಟಿದವರು, ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ. ನಿಮಗೆ ಇನ್ನೂ ಟೈಮಿದೆ. ಹೆಂಗಸರಿಗೆ ಹಾಸ್ಯ ಬರುವುದಿಲ್ಲ ಅಂತ ಯಾರಾದರೂ ಅಂದರೆ 'ಕೊರವಂಜಿ' ಹಾಸ್ಯಪತ್ರಿಕೆಯಲ್ಲಿ ಟಿ. ಸುನಂದಮ್ಮ ಬರೆದದ್ದನ್ನು ಅವರ ಕೈಗೆ ಕೊಡಿ, ವಾದ ಮಾಡಬೇಡಿ.

ಕಾವ್ಯನಾಮ ಇಟ್ಟುಕೊಳ್ಳಿ, ಅಡ್ಡಿಯಿಲ್ಲ. ಆದರೆ ಗೌರವಧನ ಕಳಿಸುವ ಪತ್ರಿಕೆ ಪಾಸ್‌ಬುಕ್ಕಿನಲ್ಲಿರುವ ಹೆಸರನ್ನೇ ಕೇಳುತ್ತದೆ. ನಿಮ್ಮ ಖಾತೆಗೆ ಕೊಟ್ಟಿರುವ ಮೊಬೈಲ್ ನಂಬರು ಯಾರದು ಅಂತ ಮೊದಲು ನೋಡಿಕೊಳ್ಳಿ. ನಮ್ಮ ಕಡೆ ಅದು ಸಾಮಾನ್ಯವಾಗಿ ಗಂಡನದೋ ಮಗನದೋ ಆಗಿರುತ್ತದೆ, ಜಮಾ ಆದ ಮೆಸೇಜು ಸೀದಾ ಅಲ್ಲಿಗೇ ಹೋಗುತ್ತದೆ. ಆಧಾರ್, ಪಾಸ್‌ಬುಕ್ ಹಿಡಿದುಕೊಂಡು ಬ್ಯಾಂಕಿಗೆ ಹೋಗಿ ನಂಬರು ಬದಲಿಸಿ ಬನ್ನಿ. ಎಲ್ಲಿಗೆ ಅಂತ ಕೇಳಿದರೆ ಬ್ಯಾಂಕಿಗೆ ಅಂತಲೇ ಹೇಳಿ.